ಟೇಲಸ್ ಮೂಳೆಯೊಳಗಿನ ಪೊಳ್ಳು: ಪಾದದ ಕೀಲಿಗೆ ಮೂಳೆ ಕಸಿ ಮಾಡಿದ ಒಂದು ಪ್ರಕರಣ

ಕಾಲು ಉಳುಕಿ ತಿಂಗಳುಗಳಾದರೂ ನೋವು ಹೋಗಿಲ್ಲ ಅಂತ ಬರುವವರಲ್ಲಿ ಹೆಚ್ಚಿನವರಿಗೆ ತೊಂದರೆ ಇರುವುದು ಲಿಗಮೆಂಟ್‌ನಲ್ಲಿ, ಅಂದರೆ ಮೂಳೆಗಳನ್ನು ಬಿಗಿದಿಡುವ ನಾರಿನಲ್ಲಿ. ಕೆಲವರಲ್ಲಿ ಮಾತ್ರ ಪೆಟ್ಟು ಬಿದ್ದಿರುವುದು ಕೀಲಿನ ಒಳಗೆ, ಟೇಲಸ್‌ನ, ಅಂದರೆ ಹಿಮ್ಮಡಿ ಮೂಳೆಯ ಮೇಲೆ ಕೂತು ಕಾಲಿನೊಂದಿಗೆ ಕೀಲಾಗುವ ಮೂಳೆಯ, ನುಣುಪಾದ ಮೇಲ್ಭಾಗಕ್ಕೆ. ಅಂಥ ಒಬ್ಬರಿಗೆ ಎರಡನೇ ಬಾರಿ ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬಂದಾಗ ನಮ್ಮ ತಂಡ ಏನೇನು ಯೋಚಿಸಿತು, ಎಲ್ಲಿ ದಾರಿ ಬದಲಿಸಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವೈಯಕ್ತಿಕ ವಿವರಗಳನ್ನು ಬದಲಿಸಿದ್ದೇನೆ. ತೀರ್ಮಾನಗಳನ್ನು, ಅವುಗಳ ಕಾರಣಗಳನ್ನು ಇದ್ದ ಹಾಗೇ ಇಟ್ಟಿದ್ದೇನೆ.

ಹಿನ್ನೆಲೆ

ರೋಗಿಗೆ ಮೂವತ್ತೈದರ ಆಸುಪಾಸು. ನೆಲಕ್ಕೆ ಟೈಲ್ಸ್ ಹಾಕುವ ಕೆಲಸ. ಎರಡು ವರ್ಷದ ಹಿಂದೆ ಭಾರ ಹೊತ್ತು ಮೆಟ್ಟಿಲು ಇಳಿಯುವಾಗ ಬಲಗಾಲು ಒಳಕ್ಕೆ ತಿರುಚಿಕೊಂಡಿತ್ತು. ಆಗ ತೆಗೆದ ಎಕ್ಸ್‌ರೇಯಲ್ಲಿ ಏನೂ ಕಂಡಿರಲಿಲ್ಲ. ಪಟ್ಟಿ ಕಟ್ಟಿ, ವಿಶ್ರಾಂತಿ ಹೇಳಿ ಕಳಿಸಿದ್ದರು. ಊತ ಇಳಿಯಿತು, ನೋವು ಉಳಿಯಿತು.

ಮೊದಲ ಎಕ್ಸ್‌ರೇಯಲ್ಲಿ ಈ ಗಾಯ ಕಾಣದೇ ಹೋಗುವುದು ತುಂಬಾ ಸಾಮಾನ್ಯ. ಅದರಲ್ಲಿ ಯಾರ ತಪ್ಪನ್ನೂ ಹುಡುಕಬೇಕಿಲ್ಲ. ಕೀಲಿನಲ್ಲಿ ಮೂಳೆಯ ಮೇಲೆ ಹೊದಿಕೆಯಂತಿರುವ ನುಣುಪು ಪದರ, ಅಂದರೆ ಮೃದ್ವಸ್ಥಿ, ಎಕ್ಸ್‌ರೇಯಲ್ಲಿ ಮೂಡುವುದಿಲ್ಲ. ಅದರ ಕೆಳಗಿನ ಮೂಳೆಯಲ್ಲಿ ಸಣ್ಣ ಬಿರುಕಿದ್ದರೆ ಅದೂ ನೆರಳಿನಲ್ಲಿ ಮುಚ್ಚಿಹೋಗುತ್ತದೆ.

ಆರು ತಿಂಗಳಾದ ಮೇಲೆ ಬೇರೆ ಕಡೆ ಎಂಆರ್‌ಐ ಮಾಡಿಸಿದ್ದರು. ಟೇಲಸ್‌ನ ಮೇಲ್ಭಾಗದಲ್ಲಿ, ಒಳಬದಿಗೆ, ಸ್ವಲ್ಪ ಹಿಂದಕ್ಕೆ, ಸುಮಾರು 12 ಮಿ.ಮೀ. ಉದ್ದ, 9 ಮಿ.ಮೀ. ಅಗಲದ ಗಾಯ. ಮೃದ್ವಸ್ಥಿ ಸಡಿಲವಾಗಿತ್ತು, ಕೆಳಗಿನ ಮೂಳೆಯಲ್ಲಿ ನೀರು ತುಂಬಿದಂತೆ ಬೆಳ್ಳಗೆ ಕಾಣುತ್ತಿತ್ತು. ಅಲ್ಲಿನ ವೈದ್ಯರು ಕೀಲಿನೊಳಗೆ ಸಣ್ಣ ಕ್ಯಾಮೆರಾ ಹಾಕಿ, ಅಂದರೆ ಆರ್ಥ್ರೋಸ್ಕೋಪಿ ಮೂಲಕ, ಸಡಿಲವಾದ ಮೃದ್ವಸ್ಥಿಯನ್ನು ಕೆರೆದು ತೆಗೆದರು. ಕೆಳಗಿನ ಮೂಳೆಗೆ ಸಣ್ಣ ಸಣ್ಣ ತೂತು ಮಾಡಿದರು. ಇದಕ್ಕೆ ಮೈಕ್ರೋಫ್ರ್ಯಾಕ್ಚರ್ ಅನ್ನುತ್ತಾರೆ. ತೂತಿನಿಂದ ಮಜ್ಜೆಯ ರಕ್ತ ಮೇಲೆ ಬಂದು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ನಿಧಾನವಾಗಿ ನಾರು ಮೃದ್ವಸ್ಥಿಯಾಗುತ್ತದೆ. ಗಾಯದ ವಿಸ್ತೀರ್ಣ 150 ಚದರ ಮಿ.ಮೀ. ಒಳಗಿದ್ದರೆ ಇದು ಸಾಕಾಗುತ್ತದೆ ಅನ್ನುವುದು ಬಹಳ ಕಾಲ ಎಲ್ಲರೂ ಒಪ್ಪಿದ್ದ ಲೆಕ್ಕ. ಈಚೆಗೆ ಆ ಗಡಿಯನ್ನು ಸುಮಾರು 100ಕ್ಕೆ ಇಳಿಸಬೇಕು ಅನ್ನುವವರು ಜಾಸ್ತಿಯಾಗಿದ್ದಾರೆ. ಈ ರೋಗಿಯ ಗಾಯ ಹಳೆಯ ಗಡಿಯೊಳಗೇ ಇತ್ತು. ಹಾಗಾಗಿ ಮೊದಲ ಚಿಕಿತ್ಸೆ ಸರಿಯಾದ ಲೆಕ್ಕದ ಮೇಲೇ ನಡೆದಿತ್ತು.

ಕೆಲವು ತಿಂಗಳು ಚೆನ್ನಾಗಿದ್ದರು. ಆಮೇಲೆ ಮೊದಲಿಗಿಂತ ಜೋರಾಗಿ ನೋವು ಶುರುವಾಯಿತು. ನಮ್ಮ ಬಳಿ ಬಂದಾಗ ಮಧ್ಯಾಹ್ನದ ಹೊತ್ತಿಗೇ ಕುಂಟುತ್ತಿದ್ದರು, ರಾತ್ರಿ ಮಲಗಿದಾಗಲೂ ಒಳಗೆ ಜುಮ್ಮೆನ್ನುವ ನೋವು. ಹತ್ತಕ್ಕೆ ಎಷ್ಟು ಅಂತ ಕೇಳಿದರೆ ಏಳು ಅಂದರು.

ನೋವು ಎಲ್ಲಿಂದ ಬರುತ್ತಿದೆ?

ಮೃದ್ವಸ್ಥಿಗೆ ನರವೂ ಇಲ್ಲ, ರಕ್ತನಾಳವೂ ಇಲ್ಲ. ಕೆಟ್ಟರೆ ತಾನಾಗಿ ಸರಿಹೋಗುವುದಿಲ್ಲ ಅನ್ನುವುದನ್ನು ವಿಲಿಯಂ ಹಂಟರ್ 1743ರಷ್ಟು ಹಿಂದೆಯೇ ಬರೆದಿದ್ದರು. ಆದರೆ ನರವಿಲ್ಲದ ಜಾಗ ನೋಯುವುದಾದರೂ ಹೇಗೆ, ಅಲ್ವಾ? ನೋಯುವುದು ಕೆಳಗಿನ ಮೂಳೆ. ಮೃದ್ವಸ್ಥಿಯಲ್ಲೂ ಅದರ ತಳದ ಗಟ್ಟಿ ಪದರದಲ್ಲೂ ಬಿರುಕು ಬಿಟ್ಟರೆ, ಹೆಜ್ಜೆ ಊರಿದಾಗಲೆಲ್ಲ ಕೀಲಿನೊಳಗಿನ ದ್ರವ ಒತ್ತಡದಿಂದ ಆ ಬಿರುಕಿನೊಳಗೆ ನುಗ್ಗುತ್ತದೆ. ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತಾ ಹೋಗುತ್ತದೆ. ಒಳಗೆ ಪೊಳ್ಳು, ಅಂದರೆ ಸಿಸ್ಟ್, ಬೆಳೆಯುತ್ತದೆ. ಮೂಳೆಯಲ್ಲಿ ನರಗಳಿವೆ, ಅದಕ್ಕೇ ನೋವು.

ಟೇಲಸ್‌ಗೆ ಇದು ಜಾಸ್ತಿ ಆಗುವುದಕ್ಕೂ ಕಾರಣ ಇದೆ. ಈ ಮೂಳೆಯ ಮೇಲ್ಮೈಯ ಸುಮಾರು 60 ಶೇಕಡಾ ಭಾಗ ಮೃದ್ವಸ್ಥಿಯಿಂದಲೇ ಮುಚ್ಚಿದೆ. ಇದಕ್ಕೆ ಯಾವ ಸ್ನಾಯುವೂ ಅಂಟಿಕೊಂಡಿಲ್ಲ. ಹಾಗಾಗಿ ರಕ್ತ ಒಳಗೆ ಹೋಗುವ ದಾರಿಗಳು ಕಡಿಮೆ, ವಾಸಿಯಾಗುವ ಶಕ್ತಿಯೂ ಕಡಿಮೆ.

ಆದರೆ ಇಷ್ಟು ಗೊತ್ತಿದೆ ಅಂತ ನೇರವಾಗಿ ಶಸ್ತ್ರಚಿಕಿತ್ಸೆಗೆ ಇಳಿಯುವಂತಿಲ್ಲ. ಸ್ಕ್ಯಾನಿನಲ್ಲಿ ಸಿಸ್ಟ್ ಕಂಡರೂ ನೋವು ಬೇರೆಡೆಯಿಂದ ಬರುತ್ತಿರಬಹುದು. ಪಕ್ಕದ ಸ್ನಾಯುರಜ್ಜು ಇರಬಹುದು, ಕೆಳಗಿನ ಸಬ್‌ಟೇಲರ್ ಕೀಲಿರಬಹುದು, ಒತ್ತಿಹೋದ ನರ ಇರಬಹುದು. ಅಲ್ಟ್ರಾಸೌಂಡ್ ನೋಡಿಕೊಂಡು ಪಾದದ ಕೀಲಿನೊಳಗೆ ಮಾತ್ರ ಅರಿವಳಿಕೆ ಮದ್ದು ಹಾಕಿದೆವು. ಆಮೇಲೆ ಅವರನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿಯಲು ಹೇಳಿದೆವು. ಕುಂಟದೆ ಇಳಿದು ಬಂದರು. ಮದ್ದಿನ ಪ್ರಭಾವ ಇಳಿದ ಮೇಲೆ ನೋವು ಮರಳಿತು. ನೋವಿನ ಜಾಗ ಅದೇ ಕೀಲು ಅನ್ನುವುದು ಖಚಿತವಾಯಿತು.

ನಿಂತು ತೆಗೆದ ಎಕ್ಸ್‌ರೇಯಲ್ಲಿ ಹಿಮ್ಮಡಿ ನೇರವಾಗಿತ್ತು. ಲಿಗಮೆಂಟ್ ಬಿಗಿಯಾಗಿತ್ತು. ಇವೆರಡರಲ್ಲಿ ಒಂದು ಕೆಟ್ಟಿದ್ದರೂ ಅದನ್ನು ಸರಿಮಾಡದೆ ಕಸಿ ಮಾಡುವುದು ವ್ಯರ್ಥ.

ಸಿಟಿ ಸ್ಕ್ಯಾನ್ ತೋರಿಸಿದ್ದು

ಎಂಆರ್‌ಐ ಮೂಳೆಯ ಊತವನ್ನೆಲ್ಲ ಬೆಳ್ಳಗೆ ತೋರಿಸುತ್ತದೆ. ಅದರಲ್ಲಿ ಎಷ್ಟು ಬರೀ ಊತ, ಎಷ್ಟು ನಿಜವಾದ ಪೊಳ್ಳು ಅಂತ ಬಿಡಿಸಿ ನೋಡುವುದು ಕಷ್ಟ. ಸಿಟಿಯಲ್ಲಿ ಮೂಳೆಯ ಗಡಿ ಸ್ಪಷ್ಟ. ಈ ರೋಗಿಗೆ ಅಲ್ಲಿಯವರೆಗೆ ಸಿಟಿ ಆಗಿರಲಿಲ್ಲ.

ಸಿಟಿಯಲ್ಲಿ ಸಿಸ್ಟ್ 14 ಮಿ.ಮೀ. ಉದ್ದ, 11 ಮಿ.ಮೀ. ಅಗಲ, 10 ಮಿ.ಮೀ. ಆಳ ಇತ್ತು. ಮೇಲಿನ ಮೂಳೆ ಪದರ ಎರಡು ಕಡೆ ಒಡೆದಿತ್ತು. ಸಿಸ್ಟ್‌ನ ಸುತ್ತ ಗಟ್ಟಿಯಾದ ಬಿಳಿ ಗೋಡೆ ಕಟ್ಟಿಕೊಂಡಿತ್ತು. ಮೊದಲ ಬಾರಿ ತೂತು ಮಾಡಿದ ಜಾಗದಲ್ಲಿ ನಾರು ಮೃದ್ವಸ್ಥಿ ಬೆಳೆದಿತ್ತು, ಆದರೆ ಅದರ ಕೆಳಗೆ ಆಧಾರವೇ ಇರಲಿಲ್ಲ.

ಚಿತ್ರವನ್ನು ಪರದೆ ಮೇಲೆ ತೋರಿಸಿ ವಿವರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿದರು. "ಕೆಳಗೆ ಪೊಳ್ಳಿದ್ರೆ ಮೇಲೆ ಎಷ್ಟು ಚೆನ್ನಾಗಿ ಟೈಲ್ಸ್ ಕೂರಿಸಿದ್ರೂ ಒಡೆಯುತ್ತೆ ಸರ್. ತಟ್ಟಿದ್ರೆ ಸದ್ದಲ್ಲೇ ಗೊತ್ತಾಗುತ್ತೆ," ಅಂದರು. ನಾನು ಹೇಳಬೇಕು ಅಂದುಕೊಂಡಿದ್ದ ವಿವರಣೆಗಿಂತ ಅದು ಎಷ್ಟೋ ಚೆನ್ನಾಗಿತ್ತು. ಮುಂದಿನ ಎಲ್ಲ ಮಾತುಕತೆಗೂ ಅದೇ ತಳಪಾಯವಾಯಿತು: ಮೊದಲು ಮೂಳೆ ತುಂಬಬೇಕು, ಆಮೇಲೆ ಮೇಲ್ಮೈ.

ಯಾವ ಕಸಿ?

ಈ ಗಾತ್ರದ ಸಿಸ್ಟ್‌ಗೆ, ಅದೂ ಒಮ್ಮೆ ಮೈಕ್ರೋಫ್ರ್ಯಾಕ್ಚರ್ ವಿಫಲವಾದ ಮೇಲೆ, ಮತ್ತೆ ಬರೀ ತೂತು ಮಾಡುವುದು ಸರಿಯಲ್ಲ ಅನ್ನುವುದರಲ್ಲಿ ತಂಡದಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಬದಲಿ ಏನು ಅನ್ನುವುದರಲ್ಲಿ ಇತ್ತು.

ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ರೋಗಿಯ ಮಂಡಿಯಿಂದ ಸಿಲಿಂಡರ್ ಆಕಾರದ ತುಂಡು ತೆಗೆದು ಟೇಲಸ್‌ಗೆ ಕೂರಿಸುವುದು. ಮಂಡಿಯಲ್ಲಿ ಹೆಚ್ಚು ಭಾರ ಬೀಳದ ಅಂಚಿನಿಂದ ಮೃದ್ವಸ್ಥಿ ಮತ್ತು ಮೂಳೆಯನ್ನು ಒಟ್ಟಿಗೆ ಕೊರೆದು ತೆಗೆಯುತ್ತಾರೆ. ಟೇಲಸ್‌ನಲ್ಲಿ ಅದೇ ಅಳತೆಯ ತೂತು ಕೊರೆದು ಬಿಗಿಯಾಗಿ ಕೂರಿಸುತ್ತಾರೆ. ಇದರ ದೊಡ್ಡ ಲಾಭ ಏನೆಂದರೆ, ನಿಜವಾದ ಮೃದ್ವಸ್ಥಿ ಜೀವಂತವಾಗಿ ಸಿಗುತ್ತದೆ. ಮೈಕ್ರೋಫ್ರ್ಯಾಕ್ಚರ್‌ನಲ್ಲಿ ಸಿಗುವ ನಾರು ಅಂಗಾಂಶಕ್ಕಿಂತ ಅದು ಗಟ್ಟಿ. ಸಿಸ್ಟ್ ಕೂಡ ಒಂದೇ ಏಟಿಗೆ ತುಂಬುತ್ತದೆ. ತಂಡದ ಹಿರಿಯರೊಬ್ಬರ ಮೊದಲ ಆಯ್ಕೆ ಇದೇ ಆಗಿತ್ತು. ಬೇರೆ ರೋಗಿಯಾಗಿದ್ದರೆ ನನ್ನ ಆಯ್ಕೆಯೂ ಇದೇ.

ಆದರೆ ಇವರು ದಿನವಿಡೀ ಮಂಡಿಯೂರಿ ಕೆಲಸ ಮಾಡುವವರು. ತುಂಡು ತೆಗೆದ ಮಂಡಿ ಕೆಲವರಲ್ಲಿ ನೋಯುತ್ತದೆ. ಎಲ್ಲರಿಗೂ ಆಗುವುದಿಲ್ಲ ನಿಜ. ಆದರೆ ಮೆಟ್ಟಿಲು ಹತ್ತುವಾಗ ಮಾತ್ರ ಕಾಣುವ ಸಣ್ಣ ನೋವು ಕಚೇರಿಯಲ್ಲಿ ಕೂರುವವರಿಗೆ ಒಂದು ಲೆಕ್ಕ, ಮಂಡಿಯ ಮೇಲೇ ದುಡಿಯುವವರಿಗೆ ಇನ್ನೊಂದು ಲೆಕ್ಕ. ಪಾದ ಉಳಿಸಲು ಹೋಗಿ ಮಂಡಿ ಕೆಡಿಸಿದರೆ ಅವರ ಜೀವನೋಪಾಯವೇ ಹೋಗುತ್ತದೆ. ಈ ಪ್ರಕರಣದ ಮೊದಲ ದೊಡ್ಡ ತಿರುವು ಇದು. ಸ್ಕ್ಯಾನ್ ಮಾತ್ರ ನೋಡಿದ್ದರೆ ನಾವು ಮಂಡಿಯನ್ನೇ ಆರಿಸುತ್ತಿದ್ದೆವು.

ದಾನಿಯ ಟೇಲಸ್‌ನಿಂದ ತುಂಡು ಪಡೆಯುವ ದಾರಿಯೂ ಇದೆ. ಮಂಡಿಗೆ ತೊಂದರೆಯಿಲ್ಲ, ಆಕಾರವೂ ಚೆನ್ನಾಗಿ ಹೊಂದುತ್ತದೆ. ಆದರೆ ಅಳತೆ ಹೊಂದುವ ದಾನಿ ಸಿಗಬೇಕು, ತಾಜಾ ಇರುವಾಗ ಕೆಲವೇ ವಾರಗಳಲ್ಲಿ ಬಳಸಬೇಕು. ತುಂಬಾ ದೊಡ್ಡ ಗಾಯಕ್ಕೆ ಅದನ್ನು ಇಟ್ಟುಕೊಳ್ಳುವುದು ಒಳ್ಳೆಯದು ಅನಿಸಿತು. ರೋಗಿಯದ್ದೇ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಮತ್ತೆ ಹಾಕುವ ವಿಧಾನ 1994ರಿಂದ ಮಂಡಿಗೆ ಚಾಲ್ತಿಯಲ್ಲಿದೆ, ಆಮೇಲೆ ಪಾದಕ್ಕೂ ಬಂತು. ಅದಕ್ಕೆ ಎರಡು ಶಸ್ತ್ರಚಿಕಿತ್ಸೆ ಬೇಕು, ಖರ್ಚೂ ಜಾಸ್ತಿ. ಸಿಸ್ಟ್ ಇದ್ದರೆ ಹೇಗೂ ಕೆಳಗೆ ಮೂಳೆ ತುಂಬಲೇಬೇಕು.

ಕೊನೆಗೆ ಆರಿಸಿದ್ದು ಇದು: ಸೊಂಟದ ಮೂಳೆಯ ಅಂಚಿನಿಂದ ಸ್ಪಂಜಿನಂಥ ಮೂಳೆ ತೆಗೆದು ಸಿಸ್ಟ್‌ಗೆ ತುಂಬುವುದು, ಮೇಲೆ ಕೊಲಾಜನ್ ಅನ್ನುವ ಪ್ರೋಟೀನಿನ ಪೊರೆ ಹೊದಿಸುವುದು. ಕೆಳಗಿನ ಮಜ್ಜೆಯಿಂದ ಬರುವ ಜೀವಕೋಶಗಳನ್ನು ಪೊರೆ ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಬೆಳೆಯುವುದು ಪೂರ್ತಿ ಸಹಜ ಮೃದ್ವಸ್ಥಿ ಆಗಿರುವುದಿಲ್ಲ ಅನ್ನುವುದನ್ನು ರೋಗಿಗೆ ಸ್ಪಷ್ಟವಾಗಿ ಹೇಳಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದು ಆಗ್ಲಿಲ್ಲ ಅಂದ್ರೆ ಮಂಡಿದು ಆಮೇಲೆ ಮಾಡ್ಬಹುದಾ?" ಮಾಡಬಹುದು ಅಂದೆವು. ಒಪ್ಪಿದರು.

ಎರಡು ತಿಂಗಳು ಮುಂದಕ್ಕೆ ಹಾಕಿದ್ದು

ಅವರು ಸಿಗರೇಟು ಸೇದುತ್ತಿದ್ದರು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಬಹಳ ಕಡಿಮೆ ಇತ್ತು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಮೂಳೆ ಕೂಡುವುದನ್ನು ತಡಮಾಡುತ್ತದೆ. ನಾವು ಮಾಡಬೇಕೆಂದಿದ್ದ ಶಸ್ತ್ರಚಿಕಿತ್ಸೆಯಲ್ಲಿ ಕಸಿ ಮಾಡಿದ ಮೂಳೆಯೂ ಕೂಡಬೇಕು, ದಾರಿ ಮಾಡಿಕೊಳ್ಳಲು ಕತ್ತರಿಸಿದ ಮೂಳೆಯೂ ಕೂಡಬೇಕು. ಎರಡು ತಿಂಗಳು ಮುಂದಕ್ಕೆ ಹಾಕಿದೆವು. ರೋಗಿಗೆ ಬೇಸರವಾಯಿತು, ಕೆಲಸವಿಲ್ಲದೆ ಕೂತವರಿಗೆ ಒಂದೊಂದು ವಾರವೂ ಭಾರ. ಅವರ ಹೆಂಡತಿ ಮಾತ್ರ, "ಡಾಕ್ಟ್ರು ಹೇಳಿದ್ಮೇಲಾದ್ರೂ ಬಿಡ್ಲಿ," ಅಂದರು. ಬಿಟ್ಟರು. ಶಸ್ತ್ರಚಿಕಿತ್ಸೆಗೆ ಮುಂಚೆ ಮತ್ತೊಮ್ಮೆ ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡೆವು.

ಶಸ್ತ್ರಚಿಕಿತ್ಸೆಯ ದಿನ

ಗಾಯ ಟೇಲಸ್‌ನ ಹಿಂಭಾಗದ ಕಡೆಗಿತ್ತು. ಮೇಲಿರುವ ಟಿಬಿಯಾ, ಅಂದರೆ ಮಂಡಿಯಿಂದ ಕೆಳಗಿನ ದಪ್ಪ ಮೂಳೆ, ಅದನ್ನು ಮುಚ್ಚಿಕೊಂಡಿರುತ್ತದೆ. ಪಾದವನ್ನು ಕೆಳಕ್ಕೆ ಪೂರ್ತಿ ಬಾಗಿಸಿದರೆ ಕೆಲವು ಗಾಯಗಳು ಮುಂದೆ ಬರುತ್ತವೆ. ಅದಕ್ಕೇ ಪಾದ ಬಾಗಿಸಿದ ಸ್ಥಿತಿಯಲ್ಲಿ ಸಿಟಿ ತೆಗೆದು ನೋಡಿದ್ದೆವು. ಇವರಲ್ಲಿ ಗಾಯದ ಮುಂಭಾಗ ಮಾತ್ರ ಹೊರಗೆ ಬರುತ್ತಿತ್ತು, ಹಿಂದಿನ ಅಂಚು ಒಳಗೇ ಉಳಿಯುತ್ತಿತ್ತು. ಅರ್ಧ ಕಂಡ ಸಿಸ್ಟನ್ನು ಪೂರ್ತಿ ಕೆರೆಯಲು ಆಗುವುದಿಲ್ಲ. ಹಾಗಾಗಿ ಪಾದದ ಒಳಬದಿಯಲ್ಲಿ ಉಬ್ಬಿಕೊಂಡಿರುವ ಗಿಣ್ಣಿನ ಮೂಳೆಯನ್ನು, ಅಂದರೆ ಮೀಡಿಯಲ್ ಮ್ಯಾಲಿಯೋಲಸನ್ನು, ಓರೆಯಾಗಿ ಕತ್ತರಿಸಿ ಪಕ್ಕಕ್ಕೆ ಸರಿಸಲು ನಿರ್ಧರಿಸಿದೆವು.

ಇಲ್ಲಿ ಕ್ರಮ ಮುಖ್ಯ. ಕತ್ತರಿಸುವ ಮುಂಚೆಯೇ ಸ್ಕ್ರೂಗಳಿಗೆ ತೂತು ಕೊರೆದಿಟ್ಟುಕೊಳ್ಳಬೇಕು. ಆಗ ಕೊನೆಯಲ್ಲಿ ತುಂಡು ಇದ್ದ ಜಾಗಕ್ಕೇ ಕರಾರುವಾಕ್ಕಾಗಿ ಮರಳುತ್ತದೆ. ಗರಗಸಕ್ಕೆ ನೀರು ಬಿಡುತ್ತಾ ಕತ್ತರಿಸಬೇಕು, ಬಿಸಿಯಾದರೆ ಮೂಳೆ ಸಾಯುತ್ತದೆ. ಕೀಲಿನ ಹತ್ತಿರದ ಕೊನೆಯ ಸ್ವಲ್ಪ ಭಾಗವನ್ನು ಗರಗಸದಿಂದ ಕತ್ತರಿಸಬಾರದು. ತೆಳ್ಳನೆಯ ಉಳಿಯಿಂದ ನಿಧಾನವಾಗಿ ಬಿಡಿಸಬೇಕು. ಇಲ್ಲದಿದ್ದರೆ ಟೇಲಸ್‌ನ ಒಳ್ಳೆಯ ಮೃದ್ವಸ್ಥಿಗೆ ಗರಗಸ ತಾಗುತ್ತದೆ.

ತೆರೆದಾಗ ಮೇಲ್ಮೈ ನೋಡಲು ಅಷ್ಟೇನೂ ಕೆಟ್ಟಿರಲಿಲ್ಲ. ಸಲಕರಣೆಯ ತುದಿಯಿಂದ ಒತ್ತಿದಾಗ ಮಾತ್ರ ಒಳಕ್ಕೆ ಕುಸಿಯಿತು. ಕೆಟ್ಟ ಮೃದ್ವಸ್ಥಿಯನ್ನು ಗಟ್ಟಿ ಅಂಚು ಸಿಗುವವರೆಗೆ ನೇರ ಗೋಡೆಯಂತೆ ಕತ್ತರಿಸಿ ತೆಗೆದೆವು. ಸಿಸ್ಟ್‌ನೊಳಗಿದ್ದ ಲೋಳೆಯಂಥ ಪದಾರ್ಥವನ್ನೂ ಪೊರೆಯನ್ನೂ ಕೆರೆದೆವು. ಒಳಗಿನ ಗೋಡೆ ದಂತದ ಹಾಗೆ ಬಿಳುಪಾಗಿ ಗಟ್ಟಿಯಾಗಿತ್ತು, ರಕ್ತ ಬರಲೇ ಇಲ್ಲ. ಸತ್ತ ಗೋಡೆಗೆ ಕಸಿ ಅಂಟುವುದಿಲ್ಲ. ತಿರುಗುತ್ತಾ ಮೂಳೆ ಉಜ್ಜುವ ಸಣ್ಣ ಸಲಕರಣೆಯಿಂದ, ಅಂದರೆ ಬರ್‌ನಿಂದ, ಉಜ್ಜಿ, ತಂತಿಯಿಂದ ತೂತು ಮಾಡುತ್ತಾ ಹೋದೆವು. ಎಲ್ಲ ಕಡೆಯಿಂದ ರಕ್ತ ಒಸರುವವರೆಗೆ ಬಿಡಲಿಲ್ಲ. ಶಸ್ತ್ರಚಿಕಿತ್ಸೆಯ ಒಟ್ಟು ಹೊತ್ತಿನಲ್ಲಿ ದೊಡ್ಡ ಪಾಲು ಈ ಕೆಲಸಕ್ಕೇ ಹೋಯಿತು, ಹೋಗಲೇಬೇಕು.

ಸೊಂಟದಿಂದ ತೆಗೆದ ಮೂಳೆಯನ್ನು ಸಣ್ಣ ಚೂರು ಮಾಡಿ ಪದರ ಪದರವಾಗಿ ಒತ್ತಿ ತುಂಬಿದೆವು. ಎಷ್ಟು ಎತ್ತರಕ್ಕೆ ತುಂಬಬೇಕು ಅನ್ನುವುದರಲ್ಲಿ ಎಚ್ಚರ ಬೇಕು. ಸುತ್ತಲಿನ ಮೂಳೆಯ ಮಟ್ಟಕ್ಕೆ ನಿಲ್ಲಿಸಬೇಕು, ಮೃದ್ವಸ್ಥಿಯ ಮಟ್ಟಕ್ಕಲ್ಲ. ಪಾದದ ಕೀಲಿನಲ್ಲಿ ಮೃದ್ವಸ್ಥಿ ತೆಳು, ಬರೀ ಒಂದೆರಡು ಮಿ.ಮೀ. ಅಷ್ಟು ಜಾಗ ಪೊರೆಗೂ ಹೊಸ ಅಂಗಾಂಶಕ್ಕೂ ಬಿಡಬೇಕು. ಕಸಿ ಒಂದು ಮಿ.ಮೀ. ಮೇಲೆದ್ದರೂ ಆ ಜಾಗದ ಮೇಲಿನ ಒತ್ತಡ ಏರುತ್ತದೆ.

ಗಾಯದ ಮೇಲೆ ತೆಳು ಅಲ್ಯೂಮಿನಿಯಂ ಹಾಳೆ ಒತ್ತಿ ಅಚ್ಚು ತೆಗೆದು, ಅದೇ ಆಕಾರಕ್ಕೆ ಪೊರೆ ಕತ್ತರಿಸಿ, ಫೈಬ್ರಿನ್ ಅಂಟಿನಿಂದ ಕೂರಿಸಿದೆವು. ಆಮೇಲೆ ಪಾದವನ್ನು ಮೇಲೆ ಕೆಳಗೆ ಆಡಿಸಿ ನೋಡಿದೆವು. ಹಿಂದಿನ ಅಂಚು ಕಾಗದದ ಮೂಲೆಯಂತೆ ಸ್ವಲ್ಪ ಎದ್ದಿತು. ಒದ್ದೆಯಾದ ಮೇಲೆ ಪೊರೆ ಹಿಗ್ಗುತ್ತದೆ, ಅಚ್ಚಿನ ಅಳತೆಗೇ ಕತ್ತರಿಸಿದರೆ ಅಂಚು ಮೃದ್ವಸ್ಥಿಯ ಮೇಲೆ ಹತ್ತಿ ಕೂರುತ್ತದೆ. ತೆಗೆದು, ಸುತ್ತಲೂ ಎಳೆಯಷ್ಟು ಕತ್ತರಿಸಿ, ಮತ್ತೆ ಅಂಟಿಸಿ, ಮತ್ತೆ ಆಡಿಸಿದೆವು. ಈ ಸಲ ಅಲ್ಲಾಡಲಿಲ್ಲ. ಆಡಿಸಿ ನೋಡುವ ಆ ಅರ್ಧ ನಿಮಿಷವನ್ನು ಯಾರೂ ಉಳಿಸಲು ಹೋಗಬಾರದು. ಮ್ಯಾಲಿಯೋಲಸ್ ಮುಚ್ಚಿದ ಮೇಲೆ ಅಲ್ಲಿ ಏನಾಗುತ್ತಿದೆ ಅಂತ ನೋಡಲು ದಾರಿಯೇ ಇಲ್ಲ.

ಆಮೇಲಿನ ತಿಂಗಳುಗಳು

ಎರಡು ವಾರ ಪ್ಲಾಸ್ಟರ್. ಹೊಲಿಗೆ ಬಿಚ್ಚಿದ ಮೇಲೆ ತೆಗೆದು ಹಾಕಬಹುದಾದ ಬೂಟು. ದಿನಕ್ಕೆ ಹಲವು ಬಾರಿ ಬೂಟು ಬಿಚ್ಚಿ ಭಾರ ಹಾಕದೆ ಪಾದ ಆಡಿಸಬೇಕು. ಮೃದ್ವಸ್ಥಿಗೆ ಆಹಾರ ಸಿಗುವುದು ಕೀಲಿನ ದ್ರವದಿಂದ, ಆ ದ್ರವ ಹರಿದಾಡಲು ಚಲನೆ ಬೇಕು. ಆರು ವಾರ ಕಾಲೂರುವಂತಿಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟದಂತೆ ಆ ಅವಧಿಯಲ್ಲಿ ಮದ್ದು ಕೊಟ್ಟೆವು.

ಆರು ವಾರದ ಮೇಲೆ ಸ್ವಲ್ಪ ಸ್ವಲ್ಪ ಭಾರ ಹಾಕಲು ಶುರು ಮಾಡಿದರು. ಎಂಟನೇ ವಾರದಲ್ಲಿ ಒಳಬದಿಯ ಗಿಣ್ಣು ನೋಯುತ್ತಿದೆ ಅಂದರು. ಕಸಿ ಹೋಯಿತೇನೋ ಅಂತ ಮನೆಯವರೆಲ್ಲ ಹೆದರಿದ್ದರು. ಬೆರಳಿಟ್ಟು ನೋಡಿದರೆ ನೋವು ಕೀಲಿನಲ್ಲಿರಲಿಲ್ಲ, ಮೂಳೆ ಕತ್ತರಿಸಿದ ಗೆರೆಯ ಮೇಲೇ ಇತ್ತು. ಎಕ್ಸ್‌ರೇಯಲ್ಲಿ ಗೆರೆ ಇನ್ನೂ ತೆರೆದೇ ಇತ್ತು, ಸ್ಕ್ರೂಗಳು ಗಟ್ಟಿಯಾಗಿದ್ದವು. ಎರಡು ದಾರಿ ಇದ್ದವು: ಮತ್ತೆ ತೆರೆದು ಬಲಪಡಿಸುವುದು, ಇಲ್ಲವೇ ಭಾರ ಕಡಿಮೆ ಮಾಡಿ ಕಾಯುವುದು. ತುಂಡು ಕದಲಿರಲಿಲ್ಲ, ಸೋಂಕಿನ ಗುರುತೂ ಇರಲಿಲ್ಲ. ಕಾದೆವು. ಮತ್ತೆ ನಾಲ್ಕು ವಾರ ಊರುಗೋಲು. ಹನ್ನೆರಡನೇ ವಾರದ ಸಿಟಿಯಲ್ಲಿ ಗೆರೆಯ ಅರ್ಧಕ್ಕಿಂತ ಜಾಸ್ತಿ ಕೂಡಿತ್ತು. ನಾಲ್ಕು ತಿಂಗಳ ಹೊತ್ತಿಗೆ ಪೂರ್ತಿ ಭಾರ ಹಾಕಿ ನಡೆಯುತ್ತಿದ್ದರು.

ಈ ಶಸ್ತ್ರಚಿಕಿತ್ಸೆಯ ಬಗ್ಗೆ ಮಾತಾಡುವಾಗ ಎಲ್ಲರ ಗಮನವೂ ಕಸಿಯ ಮೇಲಿರುತ್ತದೆ. ಆದರೆ ಮೊದಲ ಮೂರು ತಿಂಗಳು ನಮ್ಮನ್ನು ಕಾಡಿದ್ದು ದಾರಿಗಾಗಿ ಕತ್ತರಿಸಿದ ಮೂಳೆ. ಈಗ ನಾವು ಒಪ್ಪಿಗೆ ಪಡೆಯುವಾಗಲೇ ಅದರ ಬಗ್ಗೆ ಬೇರೆಯಾಗಿ ಕೂತು ಮಾತಾಡುತ್ತೇವೆ. ಎಂಟನೇ ವಾರದ ನೋವಿಗೆ ರೋಗಿ ಹೆದರಬಾರದು, ಹಾಗಂತ ಸುಮ್ನೆ ನುಂಗಿಕೊಂಡು ನಡೆಯಲೂಬಾರದು.

ಕೆಲಸಕ್ಕೆ ಮರಳಿದ್ದು ಹಂತ ಹಂತವಾಗಿ. ಆರು ತಿಂಗಳಿಗೆ ಅಳತೆ, ಗುರುತು ಹಾಕುವಂಥ ಹಗುರ ಕೆಲಸ. ಒಂಬತ್ತು ತಿಂಗಳಿಗೆ ಮಂಡಿಯೂರಿ ಟೈಲ್ಸ್ ಹಾಕಲು ಶುರು ಮಾಡಿದರು. ಮಂಡಿಯೂರಿ ಕಾಲ್ಬೆರಳು ಮಡಚಿ ಕೂತಾಗ ಪಾದದ ಕೀಲು ಪೂರ್ತಿ ಮೇಲಕ್ಕೆ ಬಾಗುತ್ತದೆ. ಅದೇ ಅವರಿಗೆ ಕಷ್ಟವಾಗಿತ್ತು, ಎಡಗಾಲಿಗಿಂತ ಐದು ಡಿಗ್ರಿಯಷ್ಟು ಕಡಿಮೆ ಬಾಗುತ್ತಿತ್ತು. ಫಿಸಿಯೋಥೆರಪಿಸ್ಟ್ ಅವರ ಕೆಲಸದ ಭಂಗಿಯನ್ನೇ ಮಾಡಿಸಿ ನೋಡಿದರು. ಬಲಪಾದವನ್ನು ಚಪ್ಪಟೆಯಾಗಿ ಹಿಂದಕ್ಕೆ ಚಾಚಿ ಕೂರುವುದನ್ನು ಅಭ್ಯಾಸ ಮಾಡಿಸಿದರು. ಯಂತ್ರದ ಮೇಲಿನ ವ್ಯಾಯಾಮಕ್ಕಿಂತ ಇದೇ ಅವರಿಗೆ ಹೆಚ್ಚು ಉಪಯೋಗಕ್ಕೆ ಬಂತು.

ಫಲಿತಾಂಶ, ಮತ್ತು ಎಲ್ಲಿ ಇದು ಹೊಂದುವುದಿಲ್ಲ

ಒಂದು ವರ್ಷದ ಸಿಟಿಯಲ್ಲಿ ಸಿಸ್ಟ್ ಬಹುತೇಕ ಮೂಳೆಯಿಂದ ತುಂಬಿತ್ತು. ಮಧ್ಯದಲ್ಲಿ 3 ಮಿ.ಮೀ. ಅಷ್ಟು ಪೊಳ್ಳು ಉಳಿದಿತ್ತು. ಎಂಆರ್‌ಐಯಲ್ಲಿ ಮೇಲ್ಮೈ ಸಮವಾಗಿತ್ತು, ಆದರೆ ಹೊಸ ಅಂಗಾಂಶದ ಬಣ್ಣ ಸುತ್ತಲಿನ ಮೃದ್ವಸ್ಥಿಯ ಹಾಗಿರಲಿಲ್ಲ. ನೋವು ಹತ್ತಕ್ಕೆ ಎರಡು, ಅದೂ ದಿನವಿಡೀ ಮೆಟ್ಟಿಲು ಹತ್ತಿ ಇಳಿದ ದಿನ. ಸೊಂಟದ ಮೂಳೆ ತೆಗೆದ ಜಾಗದ ಪಕ್ಕದಲ್ಲಿ ಅಂಗೈಯಗಲ ಚರ್ಮ ಸ್ವಲ್ಪ ಮರಗಟ್ಟಿದ ಹಾಗೇ ಉಳಿದಿದೆ. ಮಂಡಿ ಎರಡೂ ಚೆನ್ನಾಗಿವೆ. ಮತ್ತೆ ಕ್ಯಾಮೆರಾ ಹಾಕಿ ಒಳಗೆ ನೋಡೋಣ ಅಂತ ತಂಡದಲ್ಲಿ ಒಬ್ಬರು ಕೇಳಿದರು. ನೋವಿಲ್ಲದವರ ಕೀಲನ್ನು ನಮ್ಮ ಕುತೂಹಲಕ್ಕೆ ತೆರೆಯುವುದು ಬೇಡ ಅಂತ ಬಿಟ್ಟೆವು.

ಇದನ್ನು ಓದಿ ಎಲ್ಲ ಸಿಸ್ಟ್‌ಗೂ ಇದೇ ಮದ್ದು ಅಂದುಕೊಳ್ಳಬಾರದು. ಟೇಲಸ್‌ಗೆ ಎದುರಾಗಿ ಟಿಬಿಯಾದಲ್ಲೂ ಮೃದ್ವಸ್ಥಿ ಸವೆದಿದ್ದರೆ, ಕೀಲು ಪೂರ್ತಿ ಸಂಧಿವಾತಕ್ಕೆ ತಿರುಗಿದ್ದರೆ ಕಸಿ ನಿಲ್ಲುವುದಿಲ್ಲ. ಟೇಲಸ್‌ನ ಒಂದು ಬದಿ ಪೂರ್ತಿ ಕುಸಿದಿದ್ದರೆ ಚೂರು ಮೂಳೆ ಆಕಾರ ಹಿಡಿಯುವುದಿಲ್ಲ, ಅಲ್ಲಿ ಗಟ್ಟಿ ತುಂಡೇ ಬೇಕು. ಸಿಸ್ಟ್ ಇದ್ದೂ ಮೇಲಿನ ಮೃದ್ವಸ್ಥಿ ಗಟ್ಟಿಯಾಗಿದ್ದರೆ ಮೇಲ್ಮೈ ಮುಟ್ಟದೆ ಕೆಳಗಿನಿಂದ ಕೊರೆದು ಮೂಳೆ ತುಂಬಬಹುದು. ಆಕಸ್ಮಿಕವಾಗಿ ಸ್ಕ್ಯಾನಿನಲ್ಲಿ ಕಂಡ, ನೋವೇ ಇಲ್ಲದ ಸಿಸ್ಟನ್ನು ಗಮನಿಸುತ್ತಾ ಇದ್ದರೆ ಸಾಕು.

ನಮ್ಮಲ್ಲಿ ಬದಲಾದದ್ದು ಮುಖ್ಯವಾಗಿ ಎರಡು. ಎಂಆರ್‌ಐಯಲ್ಲಿ ಟೇಲಸ್ ಮೂಳೆ ಬೆಳ್ಳಗೆ ಕಂಡರೆ, ಮೊದಲ ಶಸ್ತ್ರಚಿಕಿತ್ಸೆಗೂ ಮುಂಚೆಯೇ ಸಿಟಿ ಮಾಡಿಸುತ್ತೇವೆ. ಅಗಲದ ಜೊತೆ ಆಳವನ್ನೂ ಬರೆದಿಡುತ್ತೇವೆ. ಕಸಿ ಎಲ್ಲಿಂದ ತೆಗೆಯಬೇಕು ಅನ್ನುವ ಚರ್ಚೆಗೆ ಕೂರುವ ಮುಂಚೆ ರೋಗಿಯ ಕೆಲಸ ಏನು, ದಿನದಲ್ಲಿ ಯಾವ ಭಂಗಿಯಲ್ಲಿ ಎಷ್ಟು ಹೊತ್ತು ಇರುತ್ತಾರೆ ಅಂತ ಫಿಸಿಯೋಥೆರಪಿಸ್ಟ್ ಕೇಳಿ ಫೈಲಿನ ಮೊದಲ ಪುಟದಲ್ಲಿ ಬರೆಯುತ್ತಾರೆ.

ಎರಡು ವರ್ಷದ ಭೇಟಿಯಲ್ಲಿ ಅವರು ಸ್ಕ್ರೂ ತೆಗೆಸಬೇಕಾ ಅಂತ ಕೇಳಿದರು. ಬೂಟಿಗೆ ತಾಗುತ್ತಿಲ್ಲ, ನೋಯುತ್ತಿಲ್ಲ, ಹಾಗಾಗಿ ಬಿಟ್ಟಿದ್ದೇವೆ. ಉಳಿದಿರುವ 3 ಮಿ.ಮೀ. ಪೊಳ್ಳು ಅಷ್ಟೇ ಇದೆ, ಬೆಳೆದಿಲ್ಲ. ನೋವು ಮರಳಿದರೆ ಸಿಟಿ ಮಾಡುತ್ತೇವೆ, ಇಲ್ಲದಿದ್ದರೆ ವರ್ಷಕ್ಕೊಮ್ಮೆ ನಿಂತು ತೆಗೆದ ಎಕ್ಸ್‌ರೇ ಸಾಕು. ಮುಂದೆಂದಾದರೂ ಈ ಕಸಿ ಸೋತರೆ ಮಂಡಿಯ ತುಂಡು, ದಾನಿಯ ತುಂಡು ಎರಡೂ ದಾರಿಗಳು ಇನ್ನೂ ತೆರೆದಿವೆ. ಅದು ಅವರಿಗೂ ಗೊತ್ತು.